ತರಬೇತಿ ಸಿಕ್ಕಿದವರು ಸಿಗಲಿಲ್ಲ

ಕಾರ್ಕಳದಿಂದ ಮಣಿಪಾಲಕ್ಕೆ ಬಸ್ಸಿನಲ್ಲಿ ಹೋಗಿ ಬಂದು ನೌಕರಿ ಮಾಡಿದವಳು ನಾನು. ಅರ್ಥಶಾಸ್ತ್ರದ ಪ್ರೊಫೆಸರ್ ಎಂದು ಗೊತ್ತಾದ ಮೇಲೆ ಆ ದಾರಿಯ ಒಬ್ಬ ಕಂಡಕ್ಟರ್ ಟಿಕೆಟ್ ಹರಿಯುವಾಗಲೆಲ್ಲ, “ಮೇಡಂ, ಈಗ ಯಾವ ಷೇರು ತೆಗೊಳ್ಳುದು ಒಳ್ಳೇದು?” ಎಂದು ಕೇಳುತ್ತಿದ್ದ. ನನಗೆ ಗೊತ್ತಿಲ್ಲ ಎಂದರೆ ನಂಬುತ್ತಿರಲಿಲ್ಲ. ಹೇಳಲು ಮನಸ್ಸಿಲ್ಲ ಎಂದುಕೊಂಡು ಹಿರಿಯಡ್ಕದವರೆಗೂ ಮುಖ ಗಂಟಿಕ್ಕಿಕೊಂಡು ಇರುತ್ತಿದ್ದ.

ನನ್ನ ವಿಷಯ ಮೈಕ್ರೊಎಕನಾಮೆಟ್ರಿಕ್ಸ್. ಹೆಸರು ಉದ್ದವಾದರೂ ಕೆಲಸವನ್ನು ಸರಳವಾಗಿ ಹೇಳಬಹುದು. ದೇಶದ ಒಟ್ಟು ಉತ್ಪನ್ನ, ಬಜೆಟ್ಟು ಇವು ನಮ್ಮವಲ್ಲ. ನಮ್ಮದು ಒಂದೊಂದು ಮನೆ, ಒಬ್ಬೊಬ್ಬ ಮನುಷ್ಯ. ಯಾವುದರಿಂದ ಯಾರಿಗೆ ಏನಾಯಿತು ಎಂದು ಅಂಕಿಗಳಿಂದ ತಿಳಿದುಕೊಳ್ಳುವುದು. ಈ ಹುಡುಗಿಗೆ ಕೆಲಸ ಸಿಕ್ಕಿದ್ದು ತರಬೇತಿಯಿಂದಲೋ, ತರಬೇತಿ ಇಲ್ಲದಿದ್ದರೂ ಸಿಗುತ್ತಿತ್ತೋ? ಈ ಒಂದು ಪ್ರಶ್ನೆಯ ಹಿಂದೆ ಇಡೀ ಆಯುಷ್ಯ ಕಳೆಯಬಹುದು. ನಾನು ಕಳೆದಿದ್ದೇನೆ.

ಈಗ ಈ ಕೆಲಸಕ್ಕೆ ಬರುವವರು ಮನೆಗೆ ಬಂದು, ಯಾವ ಸಾಫ್ಟ್‌ವೇರ್ ಕಲಿಯಬೇಕು, ಯಾವ ಪತ್ರಿಕೆಗೆ ಲೇಖನ ಕಳಿಸಬೇಕು ಎಂದು ಕೇಳುತ್ತಾರೆ. ಅದನ್ನೆಲ್ಲ ಬೇರೆಯವರೂ ಹೇಳಿಯಾರು. ಬೇರೆಯವರು ಹೇಳದೆ ಇರುವುದನ್ನು ಇಲ್ಲಿ ಬರೆದಿದ್ದೇನೆ. ಬರೆಯುವಾಗ ಸಿಟ್ಟು ಬಂತು. ಅದನ್ನು ಸೋಸಿ ತೆಗೆಯುವ ಗೋಜಿಗೆ ಹೋಗಿಲ್ಲ.

ಮೊದಲು ಗೇರುಬೀಜದ ಕಥೆ ಹೇಳಬೇಕು. ನಾನಿನ್ನೂ ಪಿಎಚ್.ಡಿ. ಮಾಡುತ್ತಿದ್ದ ಕಾಲ. ಹೆಂಗಸರ ದುಡಿಮೆಯ ಬಗ್ಗೆ ಒಂದು ದೊಡ್ಡ ಸಮೀಕ್ಷೆ ನಡೆಯುತ್ತಿತ್ತು. ಕಾರ್ಕಳದ ಸುತ್ತಿನ ಮನೆಗಳಿಗೆ ನಾನು ಹೋಗುತ್ತಿದ್ದೆ. ಮನೆಗಳ ಆಯ್ಕೆ ಚೀಟಿ ಎತ್ತಿ ಆಗಿತ್ತು. ಹೋದಲ್ಲೆಲ್ಲ ಹಲವು ಮನೆಗಳಿಗೆ ಬೀಗ. ಸಮೀಕ್ಷೆಯ ಮುಖ್ಯಸ್ಥರು, “ಬೀಗ ಇದ್ದರೆ ಪಕ್ಕದ ಮನೆ ಹಿಡಿ, ಸಮಯ ಹಾಳು ಮಾಡಬೇಡ” ಎಂದು ಹೇಳಿ ಕಳಿಸಿದ್ದರು. ಹಾಗೆಯೇ ಮಾಡಿದೆ. ಪಕ್ಕದ ಮನೆಗಳಲ್ಲಿ ಜನ ಇರುತ್ತಿದ್ದರು, ಚಹಾ ಕೊಡುತ್ತಿದ್ದರು, ತಾವು ಹೊರಗೆ ದುಡಿಯುವುದಿಲ್ಲ ಎನ್ನುತ್ತಿದ್ದರು. ಒಂದು ದಿನ ಅಂಥ ಮನೆಯ ಒಬ್ಬ ಹೆಂಗಸನ್ನು, ಆಚೆಯ ಮನೆಯವರು ಎಲ್ಲಿಗೆ ಹೋಗಿದ್ದಾರೆ ಎಂದು ಸುಮ್ಮನೆ ಕೇಳಿದೆ.

“ಬೀಜದ ಫ್ಯಾಕ್ಟರಿಗೆ. ಅತ್ತೆ, ಸೊಸೆ ಇಬ್ಬರೂ ಹೋಗುದು. ಸಂಜೆ ಬಂದ್ರೆ ಸಿಕ್ತಾರೆ” ಎಂದರು.

ಬೀಗ ಬಿದ್ದಿದ್ದೇ ಹೆಂಗಸರು ದುಡಿಯಲು ಹೋಗಿದ್ದರಿಂದ. ದುಡಿಯುವ ಮನೆಗಳನ್ನು ಒಂದೊಂದಾಗಿ ಬಿಟ್ಟು, ದುಡಿಯದ ಮನೆಗಳನ್ನು ಹಿಡಿದು, ಈ ಊರಿನ ಹೆಂಗಸರು ದುಡಿಯುವುದಿಲ್ಲ ಎಂದು ನಾವು ಬರೆಯಲು ಹೊರಟಿದ್ದೆವು. ಮುಖ್ಯಸ್ಥರಿಗೆ ಹೇಳಿದೆ. ಅವರು, “ಈಗ ಹೇಳಿದರೆ ಹೇಗೆ? ಉಳಿದ ಜಿಲ್ಲೆಗಳಲ್ಲಿ ಮುಗಿದಾಗಿದೆ” ಎಂದರು. ನಾನು ಸಂಜೆ ಹೊತ್ತು ಹೋಗಿ ನನ್ನ ಪಾಲಿನ ಮನೆಗಳ ಸಮೀಕ್ಷೆ ಮತ್ತೆ ಮಾಡಿದೆ. ಉಳಿದ ಜಿಲ್ಲೆಗಳ ವರದಿ ಹಾಗೆಯೇ ಅಚ್ಚಾಯಿತು. ಈ ಕೆಲಸದಲ್ಲಿ ನನ್ನ ಮೊದಲ ಸಿಟ್ಟು ಅದು.

ಆಮೇಲೆ ಕಾಗದ ಹೋಗಿ ಕಂಪ್ಯೂಟರ್ ಬಂತು, ಕಂಪ್ಯೂಟರಿನ ಜೊತೆಗೆ ಟ್ಯಾಬ್ಲೆಟ್ ಬಂತು. ವಿಧಾನ ಬದಲಾಯಿತು, ಬುದ್ಧಿ ಬದಲಾಗಲಿಲ್ಲ. ನಾವು ಕಳಿಸಿದ ಮಾಹಿತಿಯನ್ನು ಒಮ್ಮೆ ದೆಹಲಿಯ ಒಬ್ಬ ಸಲಹೆಗಾರ ‘ಶುದ್ಧ’ ಮಾಡಿ ವಾಪಸು ಕಳಿಸಿದ. ನೋಡಿದರೆ ನಮ್ಮ ಕಡೆಯ ಎಷ್ಟೋ ಜನ ಮಾಯ. ಒಂದೇ ಹೆಸರು ಎರಡು ಸಲ ಕಂಡರೆ ಎರಡನೆಯದನ್ನು ಅಳಿಸು ಎಂದು ಅವನು ಯಂತ್ರಕ್ಕೆ ಹೇಳಿಟ್ಟಿದ್ದ. ಕೊಂಕಣಿ ಮಾತಾಡುವ ನಮ್ಮ ಕ್ರೈಸ್ತರ ಮನೆಗಳಲ್ಲಿ ಎಷ್ಟು ಮೇರಿಯರು, ಎಷ್ಟು ಡಿಸೋಜರು! ನಮ್ಮ ಒಂದು ಕೇರಿಯಲ್ಲೇ ಮೂರು ಮೇರಿ ಡಿಸೋಜರಿದ್ದರು, ಅವರಲ್ಲಿ ಒಬ್ಬರು ನನ್ನ ಚಿಕ್ಕಮ್ಮ. ಫೋನು ಮಾಡಿ ಕೇಳಿದರೆ ಅವನು ಬಹಳ ಸಮಾಧಾನದಿಂದ, ಇದು ಎಲ್ಲೆಡೆ ಅನುಸರಿಸುವ ಕ್ರಮ ಎಂದ. ನನ್ನ ಚಿಕ್ಕಮ್ಮನನ್ನು ಅಳಿಸುವ ಕ್ರಮವೇ ಎಂದು ಕೇಳಿದೆ. ಅವನಿಗೆ ಅರ್ಥವಾಗಲಿಲ್ಲ. ಇದನ್ನು ಕ್ಲಾಸಿನಲ್ಲಿ ಹೇಳಿದಾಗಲೆಲ್ಲ ಮಕ್ಕಳು ನಗುತ್ತಿದ್ದರು, ನಾನೂ ನಗುತ್ತಿದ್ದೆ.

ಇನ್ನು ಹೇಳುವುದು ನಗುವ ವಿಷಯವಲ್ಲ.

ನಿವೃತ್ತಿಗೆ ಕೆಲವು ವರ್ಷ ಮೊದಲು ಒಂದು ಪ್ರತಿಷ್ಠಾನದವರು ನಮ್ಮಲ್ಲಿಗೆ ಬಂದರು. ಅದರ ಹೆಸರನ್ನು ಬರೆಯುವಂತಿಲ್ಲ. ನನ್ನ ಹಳೆಯ ವಿದ್ಯಾರ್ಥಿನಿ ರೇಷ್ಮಾ ಈಗ ಉಡುಪಿಯಲ್ಲಿ ವಕೀಲೆ. ಈ ಬರಹವನ್ನು ಓದಿ, “ಮೇಡಂ, ಹೆಸರು ತೆಗೀರಿ. ನಿಮ್ಮನ್ನು ಕೋರ್ಟಿಗೆ ಅಲೆಸ್ತಾರೆ” ಎಂದಳು. ತೆಗೆದೆ. ಅನ್ಯಾಯ ಮಾಡಿದವರ ಹೆಸರು ಎಷ್ಟು ಭದ್ರವಾಗಿರುತ್ತದೆ ನೋಡಿ.

ಬಡ ಮನೆಗಳ ಹೆಣ್ಣುಮಕ್ಕಳಿಗೆ ಅವರು ಹೋಮ್ ನರ್ಸಿಂಗ್ ತರಬೇತಿ ಕೊಡುತ್ತಿದ್ದರು. ಹಾಸಿಗೆ ಹಿಡಿದವರನ್ನು ನೋಡಿಕೊಳ್ಳುವ ಕೆಲಸ. ತರಬೇತಿ ಮುಗಿದ ಮೇಲೆ ಯಾರಾದರೂ ವೃದ್ಧರಿರುವ ಮನೆಗೆ ಅವರೇ ಕಳಿಸುತ್ತಿದ್ದರು. ಮಣಿಪಾಲದ ಆಸ್ಪತ್ರೆಯಿಂದ ಮನೆಗೆ ಮರಳುವ ರೋಗಿಗಳಿಗೆ ಇಂಥವರು ಬೇಕೇ ಬೇಕು. ಒಳ್ಳೆಯ ಯೋಚನೆ ಎಂದೇ ನನಗೆ ಕಂಡಿತು. ಇದರಿಂದ ಹೆಣ್ಣುಮಕ್ಕಳ ಬದುಕು ಸುಧಾರಿಸಿದೆಯೇ ಎಂದು ಅಳೆದು ಕೊಡಬೇಕು ಎಂದು ಅವರು ಕೇಳಿದರು. ಒಪ್ಪಿಕೊಂಡೆ. ಅರ್ಜಿ ಹಾಕಿದವರು ಸೀಟುಗಳಿಗಿಂತ ಹೆಚ್ಚಿದ್ದರಿಂದ ಚೀಟಿ ಎತ್ತಿ ಆರಿಸೋಣ ಎಂದೆ. ಅದಕ್ಕೆ ಅವರೂ ಒಪ್ಪಿದರು. ಚೀಟಿ ಬಿದ್ದವರಿಗೆ ತರಬೇತಿ, ಬೀಳದವರಿಗೆ ಇಲ್ಲ. ಎರಡು ಗುಂಪುಗಳ ನಡುವೆ ಅದೃಷ್ಟದ ಹೊರತು ಬೇರೆ ವ್ಯತ್ಯಾಸವಿಲ್ಲ. ಕೆಲವು ಕಾಲದ ನಂತರ ಎರಡೂ ಗುಂಪಿನವರನ್ನು ಹುಡುಕಿ ಕೇಳಿದರೆ ತರಬೇತಿಯ ಫಲ ಎಷ್ಟು ಎಂದು ತಿಳಿಯುತ್ತದೆ. ನಮ್ಮ ವಿಷಯದಲ್ಲಿ ಇಷ್ಟು ಶುದ್ಧವಾದ ಅವಕಾಶ ಅಪರೂಪ. ನಾನು ಬಹಳ ಖುಷಿಯಲ್ಲಿದ್ದೆ.

ಮನೆ ಮನೆಗೆ ಹೋಗಿ ಕೇಳುವ ತಂಡದ ಮುಂದಾಳು ವಿನಯಾ. ಕಾಪುವಿನವಳು, ತುಳು ಮನೆಮಾತು, ಕರಾವಳಿಯ ಮುಸ್ಲಿಮರ ಮಾತಾದ ಬ್ಯಾರಿ ಚೆನ್ನಾಗಿ ಅರ್ಥವಾಗುತ್ತಿತ್ತು, ನನ್ನೊಂದಿಗೆ ಕನ್ನಡ. ಕೊನೆಯ ಸುತ್ತಿನ ಸಮೀಕ್ಷೆ ಅರ್ಧವಾಗುವಾಗ ಒಂದು ಮಧ್ಯಾಹ್ನ ನನ್ನ ಕೋಣೆಗೆ ಬಂದು ಕುಳಿತಳು.

“ಮೇಡಂ, ಒಂದು ವಿಚಿತ್ರ ಉಂಟು. ತರಬೇತಿ ಸಿಗದವರು ಎಲ್ಲ ಸಿಕ್ತಾರೆ. ತರಬೇತಿ ಸಿಕ್ಕಿದವರೇ ಸಿಗುದಿಲ್ಲ.”

“ಕೆಲಸಕ್ಕೆ ಹೋಗಿರಬಹುದಲ್ಲ?”

“ಕೆಲಸಕ್ಕೆ ಹೋದವರ ಮನೆಯವರು ಹೇಳ್ತಾರೆ ಅಲ್ವಾ, ಇಂಥ ಕಡೆ ಇದ್ದಾಳೆ ಅಂತ? ಇವರು ಹಾಗಲ್ಲ. ಫೋನ್ ನಂಬರ್ ಬದಲು ಮಾಡಿದ್ದಾರೆ. ಮನೆಗೆ ಹೋದ್ರೆ ಅಂಥವರೇ ಇಲ್ಲಿ ಇಲ್ಲ ಅಂತಾರೆ.”

ಕಂಪ್ಯೂಟರಿನಲ್ಲಿ ನೋಡಿದೆ. ಅವಳು ಹೇಳಿದ್ದು ನಿಜ. ತರಬೇತಿ ಪಡೆದವರ ಸಾಲುಗಳಲ್ಲಿ ಒಂದರ ಕೆಳಗೊಂದು ಖಾಲಿ ಚೌಕಗಳು. ನಾವು ಬಳಸುವ ಸಾಫ್ಟ್‌ವೇರಿನ ಸ್ವಭಾವ ಹೊಸಬರಿಗೆ ಗೊತ್ತಿರಬೇಕು: ಉತ್ತರ ಖಾಲಿ ಇರುವ ಸಾಲನ್ನು ಅದು ಲೆಕ್ಕ ಮಾಡುವಾಗ ತಾನೇ ಬಿಟ್ಟುಬಿಡುತ್ತದೆ. ನಿಮ್ಮನ್ನು ಕೇಳುವುದಿಲ್ಲ. ಒಬ್ಬ ಹೆಣ್ಣುಮಗಳನ್ನು ಕೈಬಿಟ್ಟೆ ಎಂದು ಸದ್ದು ಮಾಡುವುದಿಲ್ಲ. ಉಳಿದವರ ಮೇಲೆ ಲೆಕ್ಕ ಮಾಡಿ ಚೆಂದದ ಉತ್ತರ ಕೊಡುತ್ತದೆ. ಆ ಉತ್ತರ ತರಬೇತಿಯ ಪರವಾಗಿ ಬಹಳ ಚೆನ್ನಾಗಿತ್ತು. ನನ್ನ ಕಿರಿಯ ಸಹೋದ್ಯೋಗಿ ಸುಧೀರ ಆ ಕೋಷ್ಟಕವನ್ನು ಅಚ್ಚು ತೆಗೆದು ಆಗಲೇ ಎಲ್ಲರಿಗೂ ತೋರಿಸಿ ಬಂದಿದ್ದ.

ಸಿಗದವರನ್ನು ಹುಡುಕಲು ನಾನೂ ವಿನಯಾಳ ಜೊತೆ ಹೊರಟೆ. ಮೊದಲು ಹೋದದ್ದು ಉಡುಪಿ ಹತ್ತಿರದ ಹೂಡೆಗೆ. ನಫೀಸಾ ಎಂಬ ಹುಡುಗಿಯ ಮನೆ ಹೊಳೆಯ ಬದಿಯಲ್ಲಿತ್ತು. ಅಂಗಳದಲ್ಲಿ ಬಟ್ಟೆ ಒಣಗಿಸುತ್ತಿದ್ದ ಹೆಂಗಸು ನಮ್ಮನ್ನು ನೋಡಿದ್ದೇ, “ಅವಳು ಇಲ್ಲ. ಮದುವೆಯಾಗಿ ಗಲ್ಫಿಗೆ ಹೋದಳು” ಎಂದು ಒಳಗೆ ಹೋಗಿ ಬಾಗಿಲು ಹಾಕಿಕೊಂಡರು. ಬಾಗಿಲ ಬುಡದಲ್ಲಿ ಹುಡುಗಿಯ ಚಪ್ಪಲಿ ಇತ್ತು.

ಹಿಂದಿರುಗುವಾಗ ವಿನಯಾ ದಾರಿಯಲ್ಲೇ ನಿಂತಳು. “ಮೇಡಂ, ಅವರು ನಮ್ಮ ಮುಖ ನೋಡ್ಲೇ ಇಲ್ಲ. ಇದನ್ನು ನೋಡಿದ್ದು” ಎಂದು ಹೆಗಲ ಚೀಲವನ್ನು ತೋರಿಸಿದಳು. ಟ್ಯಾಬ್ಲೆಟ್ ಇಡಲು ತಂಡದವರಿಗೆಲ್ಲ ಪ್ರತಿಷ್ಠಾನದವರು ಕೊಟ್ಟ ನೀಲಿ ಚೀಲ. ಅದರ ಮೇಲೆ ದೊಡ್ಡದಾಗಿ ಅವರ ಹೆಸರು, ಅವರ ಚಿಹ್ನೆ. ಎಲ್ಲರ ಮನೆಗೂ ನಾವು ಆ ಚೀಲ ಹಾಕಿಕೊಂಡೇ ಹೋಗಿದ್ದೆವು.

ಎರಡು ದಿನ ಬಿಟ್ಟು ಚೀಲವಿಲ್ಲದೆ ಹೋದೆವು. ಅಂಗಳದಲ್ಲೇ ನಿಂತು, ನಾನು ಕಾಲೇಜಿನಲ್ಲಿ ಕಲಿಸುವವಳು, ಅವರ ಕಡೆಯವಳಲ್ಲ ಎಂದೆ. ಆ ಹೆಂಗಸು ನಫೀಸಾಳ ತಾಯಿ ಆಯಿಷಾ. ಅವರು ನಂಬಲಿಲ್ಲ. ವಿನಯಾಳ ಬಳಿ ಬ್ಯಾರಿಯಲ್ಲಿ ಏನೋ ಕೇಳಿದರು, ಅವಳು ತುಳುವಿನಲ್ಲಿ ಉತ್ತರ ಕೊಟ್ಟಳು. ಕೊನೆಗೆ ಒಳಗಿನಿಂದ ಹುಡುಗಿಯೇ ಬಂದಳು.

“ನಾನು ಓಡಿ ಬಂದದ್ದಲ್ಲ, ಟೀಚರ್” ಎಂದಳು, ನಾವು ಏನನ್ನೂ ಕೇಳುವ ಮೊದಲೇ. “ಬಿಟ್ಟು ಬಂದದ್ದು.”

ಅವಳನ್ನು ಮಂಗಳೂರಿನ ಒಂದು ಫ್ಲಾಟಿಗೆ ಕಳಿಸಿದ್ದರು. ಹಾಸಿಗೆ ಹಿಡಿದ ಒಬ್ಬ ಅಜ್ಜಿ. “ಅಜ್ಜಿ ಒಳ್ಳೆಯವರು. ಅವರ ಮೇಲೆ ನನಗೆ ಎಂತದೂ ಇಲ್ಲ” ಎಂದು ಎರಡು ಸಲ ಹೇಳಿದಳು. ಅಜ್ಜಿಯ ಸೇವೆಯ ಜೊತೆಗೆ ಆ ಮನೆಯ ಅಡುಗೆ, ಗುಡಿಸುವುದು, ಬಟ್ಟೆ, ನೆಂಟರು ಬಂದರೆ ಅವರ ಪಾತ್ರೆ. ರಜೆ ಎಂಬುದಿಲ್ಲ. ಅವಳ ಮೊಬೈಲನ್ನು ಮನೆಯವರು ಫ್ರಿಜ್ಜಿನ ಮೇಲೆ ಇಟ್ಟುಕೊಂಡು ಭಾನುವಾರ ಮಾತ್ರ ಕೊಡುತ್ತಿದ್ದರು. ತಂದೆಯನ್ನು ಆಸ್ಪತ್ರೆಗೆ ಸೇರಿಸಿದ ಸುದ್ದಿ ಅವಳಿಗೆ ಸಿಕ್ಕಿದ್ದು ಅಂಥ ಒಂದು ಭಾನುವಾರ, ಸೇರಿಸಿ ಹಲವು ದಿನ ಕಳೆದ ಮೇಲೆ. ಹೋಗಿ ಬರುತ್ತೇನೆ ಎಂದಳು. ಬದಲಿ ಜನ ಬರುವವರೆಗೆ ಇಲ್ಲ ಎಂದರು. ಪ್ರತಿಷ್ಠಾನಕ್ಕೆ ಫೋನು ಮಾಡಿದಳು. ಹೊಂದಿಕೊಂಡು ಹೋಗಬೇಕು ಎಂದರು. ಮರುದಿನ ಹಾಲಿನವನು ಬಂದಾಗ ತೆರೆದ ಬಾಗಿಲಿನಿಂದ ಹೊರಗೆ ನಡೆದು ಬಸ್ಸು ಹತ್ತಿದಳು.

“ಆಮೇಲೆ ಅವರು ಮನೆಗೆ ಬಂದ್ರು. ಕೆಲಸ ಬಿಡುದಿಲ್ಲ ಅಂತ ಬರೆದು ಕೊಟ್ಟ ಬಾಂಡ್ ಮುರಿದಿದ್ದಿ, ಪೊಲೀಸ್ ಕಂಪ್ಲೇಂಟ್ ಕೊಡ್ತೇವೆ ಅಂದ್ರು. ಅದಕ್ಕೇ ಉಮ್ಮ ಯಾರು ಬಂದ್ರೂ ಗಲ್ಫಿಗೆ ಹೋದಳು ಅಂತ ಹೇಳುದು.”

“ಈಗ ಬೇರೆ ಎಲ್ಲಾದರೂ ಕೆಲಸ ನೋಡಿದ್ದೀಯಾ?”

ಅವಳು ತಾಯಿಯ ಮುಖ ನೋಡಿದಳು. ತಾಯಿ ಹೇಳಿದರು. “ಕೆಲಸ ಅಲ್ಲ ಟೀಚರ್. ಇವಳಿಗೆ ಸರಿಯಾದ ನರ್ಸಿಂಗ್ ಕಲೀಬೇಕು. ಪಿಯುಸಿಯಲ್ಲಿ ಒಳ್ಳೆ ಮಾರ್ಕ್ಸ್ ಉಂಟು. ಸೀಟು ಸಹ ಕೊಡ್ತೇವೆ ಅಂದಿದ್ದಾರೆ. ಆದ್ರೆ ಒರಿಜಿನಲ್ ಮಾರ್ಕ್ಸ್ ಕಾರ್ಡ್ ಇಲ್ಲ.”

“ಎಲ್ಲಿದೆ?”

“ಅವರತ್ರ. ತರಬೇತಿಗೆ ಸೇರುವಾಗ ಎಲ್ಲರದ್ದೂ ತೆಗೊಂಡು ಇಟ್ಕೊಂಡಿದ್ದಾರೆ.”

ಈ ಒಂದು ಮಾತನ್ನು ನನಗೆ ಯಾರೂ ಹೇಳಿರಲಿಲ್ಲ. ಕಾಪುವಿನಲ್ಲಿ ಜಯಂತಿ ಎಂಬವಳ ಮನೆಗೆ ಹೋದಾಗ ಅವಳೂ ಅದನ್ನೇ ಹೇಳಿದಳು. ಅವಳು ಕೆಲಸಕ್ಕಿದ್ದ ಮನೆಯಲ್ಲಿ ಉಂಗುರ ಕಳೆದು, ಇವಳೇ ಕದ್ದದ್ದು ಎಂದು ಹೊರಗೆ ಹಾಕಿದ್ದರು. ಉಂಗುರ ಆಮೇಲೆ ಆ ಮನೆಯಲ್ಲೇ ಸಿಕ್ಕಿತು. ಮಾರ್ಕ್ಸ್ ಕಾರ್ಡ್ ಮಾತ್ರ ಅವಳಿಗೆ ವಾಪಸು ಸಿಗಲಿಲ್ಲ. ಹಿರಿಯಡ್ಕದಲ್ಲಿ ಒಬ್ಬಳು ಬಾಗಿಲು ತೆರೆಯಲೇ ಇಲ್ಲ, ಕಿಟಕಿಯಿಂದ ಮಾತಾಡಿದಳು. ಅವಳದ್ದೂ ಅದೇ ಕಥೆ. ನಮ್ಮ ಕಂಪ್ಯೂಟರಿನ ಖಾಲಿ ಸಾಲುಗಳು ಇವರೆಲ್ಲ. ಕಾಣೆಯಾದವರು ಆಕಸ್ಮಿಕವಾಗಿ ಕಾಣೆಯಾಗಿರಲಿಲ್ಲ. ಯಾವ ಕಾರ್ಯಕ್ರಮದ ಫಲವನ್ನು ನಾವು ಅಳೆಯಲು ಹೊರಟಿದ್ದೆವೋ ಆ ಕಾರ್ಯಕ್ರಮಕ್ಕೆ ಹೆದರಿ ಅಡಗಿದ್ದರು.

ಇದನ್ನೆಲ್ಲ ಬರೆದು ನಮ್ಮ ಸಂಶೋಧನಾ ನಿರ್ದೇಶಕರ ಮುಂದೆ ಇಟ್ಟೆ. ಸಿಗದವರ ಬದುಕು ಕೆಟ್ಟಿದೆ ಎಂದು ಇಟ್ಟುಕೊಂಡರೆ ಫಲ ಎಷ್ಟು, ಸುಧಾರಿಸಿದೆ ಎಂದು ಇಟ್ಟುಕೊಂಡರೆ ಎಷ್ಟು ಎಂದು ಎರಡು ಅಂಚುಗಳನ್ನು ಲೆಕ್ಕ ಹಾಕಿದ್ದೆ. ಒಂದು ಅಂಚಿನಲ್ಲಿ ತರಬೇತಿಯಿಂದ ಲಾಭ, ಇನ್ನೊಂದು ಅಂಚಿನಲ್ಲಿ ನಷ್ಟ. ನಾವು ಹುಡುಕಿ ಸಿಕ್ಕಿದವರನ್ನು ನೋಡಿದರೆ ನಿಜ ನಷ್ಟದ ಕಡೆಗೇ ಇತ್ತು.

ನಿರ್ದೇಶಕರು ಕೆಟ್ಟವರಲ್ಲ ಎಂದು ಬರೆಯಬೇಕೆಂದು ಹಲವರು ನನಗೆ ಹೇಳಿದ್ದಾರೆ. ಅವರು ಮಾಡಿದ್ದನ್ನು ಮಾತ್ರ ಬರೆಯುತ್ತೇನೆ. ಅವರು ಪ್ರತಿಷ್ಠಾನದ ಅಧಿಕಾರಿಯನ್ನು ಕರೆಸಿ, ನನ್ನನ್ನೂ ಸುಧೀರನನ್ನೂ ಎದುರು ಕೂರಿಸಿ, “ನೋಡಿ ಮೇಡಂ, ಇಷ್ಟರಿಂದ ಇಷ್ಟರವರೆಗೆ ಅಂತ ಹೇಳಿದರೆ ಯಾರು ಓದ್ತಾರೆ? ಒಂದು ಸಂಖ್ಯೆ ಕೊಡಿ” ಎಂದರು.

“ಒಂದು ಸಂಖ್ಯೆ ಇಲ್ಲ ಸರ್. ಅವರ ಮಾರ್ಕ್ಸ್ ಕಾರ್ಡ್ ಇವರ ಕಪಾಟಿನಲ್ಲಿ ಇರುವವರೆಗೆ ಒಂದು ಸಂಖ್ಯೆ ಇರುವುದಿಲ್ಲ.”

ಅಧಿಕಾರಿ ಮೃದುವಾಗಿ ಮಾತಾಡುವವರು. “ಮೇಡಂ, ಅವರು ಕಾರ್ಯಕ್ರಮವನ್ನು ಪೂರ್ತಿ ಮಾಡಿದವರಲ್ಲ. ಶಿಸ್ತು ಕಡಿಮೆ ಇರುವ ಹುಡುಗಿಯರು. ಪೂರ್ತಿ ಮಾಡದವರನ್ನು ಸೇರಿಸಿ ಕಾರ್ಯಕ್ರಮವನ್ನು ಅಳೆಯುವುದು ನ್ಯಾಯವಾ?”

“ಗುಣವಾದ ರೋಗಿಗಳನ್ನು ಮಾತ್ರ ಎಣಿಸಿದರೆ ಲೋಕದಲ್ಲಿ ಕೆಟ್ಟ ಮದ್ದೇ ಇರುವುದಿಲ್ಲ. ಅವರಲ್ಲಿ ಒಬ್ಬಳಿಗೆ ನರ್ಸಿಂಗ್ ಸೀಟು ಕೊಡುತ್ತೇವೆ ಎಂದಿದ್ದಾರೆ. ಕಾರ್ಡ್ ಕೊಡಿ.”

“ಅದು ನಮ್ಮ ಆಂತರಿಕ ವಿಷಯ” ಎಂದರು ಅವರು.

ನಿರ್ದೇಶಕರು ನನ್ನ ಕಡೆ ತಿರುಗಿದರು. “ನೀವು ಸಂಶೋಧಕರು. ಅಧ್ಯಯನದಲ್ಲಿ ಇರುವವರ ಬದುಕಿನಲ್ಲಿ ಕೈ ಹಾಕಿದರೆ ಅಧ್ಯಯನ ಕೆಡುತ್ತದೆ. ಇದನ್ನು ನೀವೇ ಕ್ಲಾಸಿನಲ್ಲಿ ಕಲಿಸುವವರು.”

ಇಂದಿಗೂ ಆ ಮಾತು ನೆನಪಾದರೆ ಮೈ ಉರಿಯುತ್ತದೆ. ಹೌದು, ನಾನು ಕಲಿಸಿದ್ದೆ. ಅಳತೆ ಮಾಡುವವರು ಅಳತೆಯ ನಡುವೆ ಕೈಯಾಡಿಸಬಾರದು. ಆದರೆ ಒಬ್ಬಳ ಕಾರ್ಡನ್ನು ಕಪಾಟಿನಲ್ಲಿಟ್ಟು ಬೀಗ ಹಾಕಿದವರು ಅವಳ ಬದುಕಿಗೆ ಕೈ ಹಾಕಿದಂತೆ ಆಗಲಿಲ್ಲವೇ? ಅವರು ಕೈ ಹಾಕಿದರೆ ಅದು ಕಾರ್ಯಕ್ರಮ, ನಾವು ಬೀಗ ತೆಗೆಯಿರಿ ಎಂದರೆ ಅದು ಅಶಿಸ್ತು. ಸುಧೀರ ಅಷ್ಟು ಹೊತ್ತೂ ತನ್ನ ಪೆನ್ನಿನ ಮುಚ್ಚಳ ತೆಗೆದು ಹಾಕುತ್ತಾ ಕುಳಿತಿದ್ದ. ಹೊರಗೆ ಬಂದ ಮೇಲೆ, “ಮೇಡಂ, ನನ್ನ ನೌಕರಿ ಇನ್ನೂ ಖಾಯಂ ಆಗಿಲ್ಲ” ಎಂದ.

ನರ್ಸಿಂಗ್ ಸೀಟಿಗೆ ಸೇರುವ ಕೊನೆಯ ದಿನ ಹತ್ತಿರವಿತ್ತು. ರೇಷ್ಮಾಳಿಗೆ ಫೋನು ಮಾಡಿದೆ. ಅವಳು, ನಾನು, ನಫೀಸಾ, ಆಯಿಷಾ ನಾಲ್ವರೂ ಉಡುಪಿಯಲ್ಲಿದ್ದ ಪ್ರತಿಷ್ಠಾನದ ಕಚೇರಿಗೆ ಬೆಳಿಗ್ಗೆಯೇ ಹೋದೆವು. ಕಪಾಟಿನ ಕೀಲಿಕೈ ಇರುವವರು ರಜೆಯಲ್ಲಿದ್ದಾರೆ ಎಂದರು. ಕಾಯುತ್ತೇವೆ ಎಂದೆವು. ಊಟದ ಹೊತ್ತಿಗೆ ಸಿಬ್ಬಂದಿ ನಮ್ಮನ್ನು ಒಳಗೇ ಬಿಟ್ಟು ಹೋದರು, ಬಂದರು. ಆಯಿಷಾ ತಂದಿದ್ದ ನೀರುದೋಸೆಯನ್ನು ನಮಗೆಲ್ಲ ಹಂಚಿದರು. ಅಲ್ಲಿಯ ಗೋಡೆಯ ತುಂಬ ಬಿಳಿ ಕೋಟು ಹಾಕಿ ನಗುವ ಹುಡುಗಿಯರ ಫೋಟೋಗಳು. ನಫೀಸಾ ಅವುಗಳನ್ನು ಒಂದೊಂದಾಗಿ ನೋಡಿ, “ಇವಳು ನಮ್ಮ ಬ್ಯಾಚ್. ಇವಳೂ ಬಿಟ್ಟಿದ್ದಾಳೆ” ಎಂದು ಮೆಲ್ಲಗೆ ಹೇಳಿದಳು.

ಮಧ್ಯಾಹ್ನದ ನಂತರ ರೇಷ್ಮಾ ಎದ್ದು, “ಒಬ್ಬರ ಮೂಲ ಅಂಕಪಟ್ಟಿಯನ್ನು ಇವರು ಯಾವ ಕಾನೂನಿನ ಕೆಳಗೆ ಇಟ್ಟುಕೊಂಡಿದ್ದಾರೆ ಅಂತ ಬರೆದು ಕೊಡ್ಲಿ. ಅದನ್ನು ಹಿಡ್ಕೊಂಡು ನಾನು ನೇರ ಪೊಲೀಸ್ ಠಾಣೆಗೆ ಹೋಗ್ತೇನೆ” ಎಂದಳು. ಸ್ವಲ್ಪ ಹೊತ್ತಿಗೆ ಕೀಲಿಕೈ ಸಿಕ್ಕಿತು. ಕಾರ್ಡೂ ಬಂತು. ಅದರ ಜೊತೆಗೆ ಒಂದು ಟೈಪ್ ಮಾಡಿದ ಹಾಳೆ. ತಾನು ಸ್ವಂತ ಇಚ್ಛೆಯಿಂದ ಕೆಲಸ ಬಿಟ್ಟಿದ್ದು, ಸಂಸ್ಥೆಯ ಮೇಲೆ ಯಾವ ದೂರೂ ಇಲ್ಲ ಎಂದು ನಫೀಸಾ ಸಹಿ ಹಾಕಬೇಕಂತೆ.

ಅವಳು ಅದನ್ನು ಓದಿ ಕೆಳಗಿಟ್ಟಳು. “ಇದು ಸುಳ್ಳು. ನಾನು ಹಾಕುದಿಲ್ಲ.”

“ಹಾಕಬೇಡ” ಎಂದಳು ರೇಷ್ಮಾ. “ಹಾಕದೆಯೂ ತೆಗೊಳ್ಳುವ ಹಕ್ಕು ನಿನಗುಂಟು. ಸ್ವಲ್ಪ ದಿನ ಹಿಡೀಬಹುದು, ಅಷ್ಟೆ.”

“ಸೀಟು ಅಷ್ಟು ದಿನ ಕಾಯ್ತದಾ?” ಎಂದು ಆಯಿಷಾ ಕೇಳಿದರು. ಉತ್ತರಕ್ಕೆ ಕಾಯದೆ ಮಗಳ ಕೈ ಹಿಡಿದು ಬ್ಯಾರಿಯಲ್ಲಿ ಏನೋ ಹೇಳಿದರು. ಹುಡುಗಿ ಹಾಳೆಯನ್ನು ಇನ್ನೊಮ್ಮೆ ಓದಿ ಸಹಿ ಹಾಕಿದಳು. ಕಾರ್ಡನ್ನು ತೆಗೆದುಕೊಂಡು ಯಾರ ಮುಖವನ್ನೂ ನೋಡದೆ ಮೆಟ್ಟಿಲು ಇಳಿದಳು. ಅವಳಿಗೆ ಸೀಟು ಸಿಕ್ಕಿತು.

ಆಮೇಲೆ ರೇಷ್ಮಾ ಕಳಿಸಿದ ನೋಟಿಸಿನಿಂದ ಜಯಂತಿಯದ್ದೂ, ಧೈರ್ಯ ಮಾಡಿ ಬಂದು ಕೇಳಿದ ಇನ್ನು ಕೆಲವರದ್ದೂ ಕಾರ್ಡುಗಳು ಸಿಕ್ಕಿದವು. ಜಯಂತಿ ಈಗ ಕಾಪುವಿನ ಒಂದು ಔಷಧಿ ಅಂಗಡಿಯಲ್ಲಿದ್ದಾಳೆ. ಬಾರದೆ ಇದ್ದವರೇ ಹೆಚ್ಚು. ವಿನಯಾಳನ್ನು ಮುಂದಿನ ಸಮೀಕ್ಷೆಗೆ ಕರೆಯಲಿಲ್ಲ. ಕ್ಷೇತ್ರದ ಜನರೊಂದಿಗೆ ಅತಿಯಾದ ಸಲಿಗೆ ಎಂದು ಕಾರಣ ಕೊಟ್ಟರು. ಜನರನ್ನು ಮಾತಾಡಿಸುವುದೇ ಕೆಲಸವಾಗಿದ್ದವಳ ಮೇಲೆ ಹೊರಿಸಿದ ಅಪರಾಧ ಅದು.

ಅಧ್ಯಯನದ ಲೇಖನ ಸಂಶೋಧನಾ ಪತ್ರಿಕೆಯಲ್ಲಿ ಪ್ರಕಟವಾಯಿತು. ಒಪ್ಪಂದದ ಪ್ರಕಾರ ಮಾಹಿತಿಯ ಒಡೆತನ ಪ್ರತಿಷ್ಠಾನದ್ದು, ಆದ್ದರಿಂದ ನನ್ನ ಲೆಕ್ಕವನ್ನು ನಾನು ಎಲ್ಲಿಯೂ ಪ್ರಕಟಿಸುವಂತಿಲ್ಲ ಎಂದು ತಿಳಿಸಿದರು. ಪ್ರಕಟವಾದದ್ದು ನಿರ್ದೇಶಕರ ಮತ್ತು ಸುಧೀರನ ಹೆಸರಿನಲ್ಲಿ. ಅದರಲ್ಲಿ ಒಂದೇ ಒಂದು ಸಂಖ್ಯೆ ಇದೆ. ಕಾಣೆಯಾದವರ ಬಗ್ಗೆ ಕೊನೆಯಲ್ಲಿ ಸಣ್ಣ ಅಕ್ಷರದ ಒಂದು ಟಿಪ್ಪಣಿ: ಕೆಲವರು ಸಂಪರ್ಕಕ್ಕೆ ಸಿಗಲಿಲ್ಲ. ಕ್ಷೇತ್ರಕಾರ್ಯದಲ್ಲಿ ನೆರವಾದುದಕ್ಕೆ ನನಗೆ ಕೃತಜ್ಞತೆ. ಆ ಕೃತಜ್ಞತೆಯನ್ನು ತೆಗೆದುಹಾಕಿ ಎಂದು ಪತ್ರಿಕೆಯ ಸಂಪಾದಕರಿಗೆ ಬರೆದೆ. ಸಿಗದವರು ಏಕೆ ಸಿಗಲಿಲ್ಲ ಎಂದೂ ಬರೆದೆ. ಮಿತಿಯನ್ನು ಲೇಖಕರು ಟಿಪ್ಪಣಿಯಲ್ಲಿ ಒಪ್ಪಿಕೊಂಡಿರುವುದರಿಂದ ತಿದ್ದುಪಡಿಯ ಅಗತ್ಯ ಕಾಣುವುದಿಲ್ಲ, ಭಾಗವಹಿಸಿದವರೊಬ್ಬರು ತಮಗೆ ದೂರಿಲ್ಲವೆಂದು ಸಹಿ ಮಾಡಿದ ಪತ್ರವೂ ತಮಗೆ ಬಂದಿದೆ ಎಂದು ಅವರು ಉತ್ತರಿಸಿದರು. ಯಾರ ಸಹಿ ಎಂದು ನಾನು ಕೇಳಬೇಕಾಗಿರಲಿಲ್ಲ. ಆ ಒಂದು ಸಂಖ್ಯೆಯನ್ನು ತೋರಿಸಿ ಕಾರ್ಯಕ್ರಮವನ್ನು ಬೇರೆ ಜಿಲ್ಲೆಗಳಿಗೂ ಹಬ್ಬಿಸಿದ್ದಾರೆ. ನಾನು ನಿವೃತ್ತಳಾದೆ. ಬೀಳ್ಕೊಡುಗೆಯ ಸಭೆಯಲ್ಲಿ ನಿರ್ದೇಶಕರು ನನ್ನ ಪ್ರಾಮಾಣಿಕತೆಯನ್ನು ಹೊಗಳಿದರು. ಶಾಲು ಹೊದಿಸಲು ಬಂದಾಗ ಅದನ್ನು ಕೈಯಲ್ಲೇ ತೆಗೆದುಕೊಂಡೆ.

ಕಿರಿಯರಿಗೆ ಹೇಳಬೇಕಾದದ್ದು ಇಷ್ಟೇ. ನಿಮ್ಮ ಕೈಗೆ ಬರುವ ಮಾಹಿತಿ ಸಿಕ್ಕಿದವರದ್ದು ಮಾತ್ರ. ಸಿಗದವರು ಯಾರು, ಯಾರಿಗೆ ಹೆದರಿ ಸಿಗಲಿಲ್ಲ, ನಿಮ್ಮ ಹೆಗಲಲ್ಲಿ ಯಾರ ಚೀಲವಿತ್ತು, ಇದನ್ನು ಕೇಳದೆ ಒಂದು ಸಂಖ್ಯೆ ಬರೆಯಬೇಡಿ. ಬರೆಯಿರಿ ಎನ್ನುವವರು ನಿಮ್ಮ ಮೇಲಿನವರೇ ಆಗಿರುತ್ತಾರೆ, ಮೃದುವಾಗಿಯೇ ಹೇಳುತ್ತಾರೆ.

ಕಳೆದ ಮಳೆಗಾಲ ಮುಗಿದ ಮೇಲೆ ಧಾರವಾಡದಿಂದ ದೀಪಾ ಎಂಬ ಸಂಶೋಧಕಿಯ ಫೋನು ಬಂತು. ತರಬೇತಿ ಕಾರ್ಯಕ್ರಮಗಳ ಬಗ್ಗೆ ಪ್ರಕಟವಾದ ಅಧ್ಯಯನಗಳನ್ನೆಲ್ಲ ಒಟ್ಟು ಸೇರಿಸಿ ನೋಡುತ್ತಿದ್ದಾಳಂತೆ. “ಮೇಡಂ, ಆ ಲೇಖನದಲ್ಲಿ ಸಂಪರ್ಕಕ್ಕೆ ಸಿಗದವರು ಯಾವ ಗುಂಪಿನವರು ಅಂತ ಬರೆದೇ ಇಲ್ರೀ. ಕೃತಜ್ಞತೆಯೊಳಗ ನಿಮ್ಮ ಹೆಸರು ನೋಡಿ ಫೋನ್ ಮಾಡೀನಿ” ಎಂದಳು. ಇಷ್ಟು ವರ್ಷಗಳಲ್ಲಿ ಅದನ್ನು ಕೇಳಿದ ಮೊದಲಿಗಳು ಅವಳು. ಬಾ ಎಂದೆ. ಬಂದಳು. ನಫೀಸಾಳನ್ನು ಮೊದಲೇ ಕೇಳಿ, ಒಪ್ಪಿಗೆ ಪಡೆದು, ಇಬ್ಬರೂ ಹೂಡೆಗೆ ಹೋದೆವು.

ನಫೀಸಾ ಈಗ ಉಡುಪಿಯ ಒಂದು ಆಸ್ಪತ್ರೆಯಲ್ಲಿ ಸ್ಟಾಫ್ ನರ್ಸ್. ಡ್ಯೂಟಿ ಮುಗಿಸಿ ಆಗಷ್ಟೇ ಬಂದಿದ್ದಳು. ನಮಗೆ ಕುರ್ಚಿ ಕೊಟ್ಟು ತಾನು ಬಾಗಿಲ ಬಳಿ ಕುಳಿತಳು. ದೀಪಾ ಪುಸ್ತಕ ತೆರೆಯುವ ಮೊದಲೇ ನಫೀಸಾ ನನ್ನನ್ನು ಕೇಳಿದಳು.

“ಇವರು ಬರೆಯುವಾಗ ನಮ್ಮನ್ನು ಯಾವ ಕಡೆಗೆ ಸೇರಿಸ್ತಾರೆ ಟೀಚರ್?”

ನಾನು ದೀಪಾಳನ್ನು ನೋಡಿದೆ. ಅವಳೇ ಉತ್ತರ ಕೊಟ್ಟಳು. “ತರಬೇತಿ ಸಿಕ್ಕವರ ಜೊತಿಗೇ ಸೇರಿಸ್ತೀನ್ರಿ. ಬ್ಯಾರೆ ಕಡೆ ಹಾಕಂಗಿಲ್ಲ.”

ನಫೀಸಾ ತಲೆಯಾಡಿಸಿದಳು. ದೀಪಾ ಪೆನ್ನು ತೆಗೆದು, ನಿಮ್ಮ ಗುರುತು ಎಲ್ಲಿಯೂ ಹೊರಗೆ ಬರುವುದಿಲ್ಲ, ಹೆಸರಿನ ಬದಲು ಒಂದು ಸಂಖ್ಯೆ ಇರುತ್ತದೆ, ಅದು ನಮ್ಮ ನಿಯಮ ಎಂದು ವಿವರಿಸತೊಡಗಿದಳು. ನಿಯಮವನ್ನು ಅವಳು ಸರಿಯಾಗಿಯೇ ಕಲಿತಿದ್ದಳು. ನಾನೂ ಹಾಗೆಯೇ ಕಲಿಸಿದ್ದೆ.

“ಸಂಖ್ಯೆ ಬೇಡ” ಎಂದಳು ನಫೀಸಾ. “ಹೆಸರೇ ಬರೀರಿ. ಆಮೇಲೆ ಉಳಿದದ್ದು ಹೇಳ್ತೇನೆ.”

ದೀಪಾ ನನ್ನ ಮುಖ ನೋಡಿದಳು. ಅವಳು ಪುಸ್ತಕದ ಹಾಳೆ ತಿರುವಿ, ಹೊಸ ಪುಟದ ಮೇಲ್ಗಡೆ ಹೆಸರು ಬರೆದು, ಸರಿಯಾಗಿದೆಯೇ ಎಂದು ತೋರಿಸಲು ಅದನ್ನು ಬಾಗಿಲ ಕಡೆಗೆ ತಿರುಗಿಸಿದಳು.